ಅಟ್ಟದ ಮೇಲಿನ ಮದ್ದು

ಕನ್ನಡದಲ್ಲಿ ರೋಗಕ್ಕೆ ಕೊಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ತಮಿಳಿನ ಮರುಂದು, ತೆಲುಗಿನ ಮಂದು ಇವೂ ಹೀಗೆಯೇ ಎರಡು ಮನೆಯ ನಂಟರು. ನಾನಾರ್ಥಕ್ಕೆ ಉದಾಹರಣೆಯಾಗಿ ಇದನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಔಷಧಿಯಂತೆ ಕೋವಿಯ ಮದ್ದಿಗೂ ಅವಧಿ ತೀರುವುದುಂಟೆಂಬುದನ್ನು ಮಾತ್ರ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಯೋಚಿಸಬೇಕಾಯಿತು.

ಮಲೆನಾಡಿನ ನಮ್ಮ ಮನೆಯ ಅಟ್ಟವನ್ನು ಗುಡಿಸುವಾಗ ಚಿಕ್ಕಪ್ಪನವರಿಗೆ ಎರಡು ವಸ್ತುಗಳು ಸಿಕ್ಕಿದ್ದವು: ಅಜ್ಜನ ಕಾಲದ ಮದ್ದಿನ ಕೊಂಬು ಒಂದು, ಚೀಟಿ ಕಿತ್ತುಹೋದ ತಗಡಿನ ಡಬ್ಬಿ ಇನ್ನೊಂದು. ಆ ಸಲ ಹಂದಿಗಳು ಗದ್ದೆಯನ್ನು ಉತ್ತುಬಿಟ್ಟಿದ್ದವು. ಚಿಕ್ಕಪ್ಪನವರಲ್ಲಿ ಪರವಾನಗಿಯ ಕೋವಿಯಿದೆ, ಪಳಗಿದ ಕೈಯೂ ಇದೆ.

“ಪೇಟೆಯ ತೋಟೆಗೆ ದುಡ್ಡು ಸುರಿಯುವುದೇಕೆ? ಖಾಲಿ ತೋಟೆಗಳಿವೆ, ಕೇಪಿದೆ, ಚರೆಯಿದೆ. ಇದನ್ನೇ ತುಂಬಿದರಾಯಿತು,” ಎಂದರು.

“ಬೇಡಿ ಚಿಕ್ಕಪ್ಪ,” ಎಂದೆ.

“ವ್ಯಾಕರಣದ ಮೇಷ್ಟ್ರಿಗೆ ಮದ್ದಿನ ಗೊಡವೆ ಏಕಪ್ಪಾ?”

ಮಾತು ನ್ಯಾಯವೇ. ಆದರೂ ಓದಿ ತಿಳಿದಷ್ಟನ್ನು ಹೇಳದೆ ಇರಲಾಗಲಿಲ್ಲ.

ಕೊಂಬಿನಲ್ಲಿದ್ದುದು ಕರಿಮದ್ದು. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇವು ಒಂದರೊಡನೊಂದು ಬೆರೆತಿರುತ್ತವೆಯೇ ಹೊರತು ಬೇರೊಂದು ವಸ್ತುವಾಗಿ ಮಾರ್ಪಟ್ಟಿರುವುದಿಲ್ಲ. ತೇವ ಸೋಕದಿದ್ದರೆ ತಲೆಮಾರುಗಳು ಕಳೆದರೂ ಕೆಡದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ್ದೆನ್ನಲಾದ ಸಾವಿರದಷ್ಟು ರಾಕೆಟ್ಟುಗಳನ್ನು ತೆಗೆದಾಗ, ಬಾವಿಯ ಮಣ್ಣೇ ಮದ್ದಿನ ವಾಸನೆ ಬೀರುತ್ತಿತ್ತೆಂದು ವರದಿಯಾಗಿತ್ತು.

ಡಬ್ಬಿಯದು ಬೇರೆ ಜಾತಿ. ಸಣ್ಣ ಬಿಲ್ಲೆಗಳಂತಿದ್ದ ಅದು ಹೊಗೆಯಿಲ್ಲದ ಮದ್ದು, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಕಂಡುಹಿಡಿದ ಮದ್ದಿನ ವಂಶದ್ದು. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಈ ಮದ್ದು ಇಟ್ಟಲ್ಲೇ ಬಲು ನಿಧಾನವಾಗಿ ಕೊಳೆಯುತ್ತಿರುತ್ತದೆ. ಆಗ ಹುಟ್ಟುವ ಆಮ್ಲದ ಆವಿ ಉಳಿದುದನ್ನೂ ಬೇಗಬೇಗ ಕೊಳೆಸುತ್ತದೆ. ಒಳಗೇ ಕಾವೇರಿದರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ತೂಲೋನ್ ಬಂದರಿನಲ್ಲಿ ಫ್ರೆಂಚರ ಯುದ್ಧನೌಕೆಗಳಾದ ಇಯೇನಾ 1907ರಲ್ಲಿ, ಲಿಬೆರ್ತೆ 1911ರಲ್ಲಿ ಸಿಡಿದು ನೂರಾರು ಮಂದಿ ಸತ್ತುದಕ್ಕೆ ಉಗ್ರಾಣದಲ್ಲಿ ಕೆಟ್ಟ ಇಂಥ ಮದ್ದೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಕೊಳೆತವನ್ನು ತಡೆಯಲೆಂದು ಮದ್ದಿಗೆ ಡೈಫಿನೈಲಮೈನ್ ಎಂಬುದನ್ನು ಸೇರಿಸುವುದುಂಟು. ಅದು ಆವಿಯನ್ನು ಹೀರುತ್ತ ಹೀರುತ್ತ ತಾನೇ ತೀರಿಹೋಗುತ್ತದೆ. ನಮ್ಮ ಅಟ್ಟದ ಬೇಸಗೆಯ ಸೆಕೆ ಅದನ್ನು ಇನ್ನೂ ಬೇಗ ತೀರಿಸುತ್ತದೆ. ಸಾಲದ್ದಕ್ಕೆ, ಕರಿಮದ್ದನ್ನು ಅಳೆಯುವ ಅಳತೆಯಲ್ಲೇ ಇದನ್ನೂ ಅಳೆದು ತುಂಬಿದರೆ ನಳಿಗೆಯೇ ಸೀಳೀತು. ಕೋವಿ ಹಿಡಿದವನ ಬೆರಳು, ಕಣ್ಣು ಉಳಿಯುವುದು ಕಷ್ಟ.

ಚಿಕ್ಕಪ್ಪ ಮಾತಾಡಲಿಲ್ಲ. ಅಂಗಳಕ್ಕೆ ಹೋಗಿ ಡಬ್ಬಿಯ ಮುಚ್ಚಳ ತೆಗೆದರು. ಒಳಮೈಯೆಲ್ಲ ತುಕ್ಕು, ಮೂಗಿಗೆ ರಾಚುವ ಹುಳಿ ಘಾಟು. ಥಟ್ಟನೆ ಮುಖ ತಿರುಗಿಸಿ, ಡಬ್ಬಿಯನ್ನು ಮನೆಯಿಂದ ದೂರ, ಮರದ ನೆರಳಿನಲ್ಲಿಟ್ಟು ಬಂದರು. ಆ ರಾತ್ರಿ ಯಾರೂ ಅತ್ತ ದೀಪ ಒಯ್ಯಲಿಲ್ಲ. ಮರುದಿನ ಠಾಣೆಗೆ ತಿಳಿಸಿದೆವು. ಅವರು ಬಂದು ಒಯ್ದರು.

ಕೊಂಬಿನ ವಿಷಯದಲ್ಲಿ ಮಾತ್ರ ಅವರಿಗೆ ಮನಸ್ಸು ಬರಲಿಲ್ಲ. “ಅಪ್ಪ ತುಂಬಿಟ್ಟದ್ದು. ಇದಕ್ಕೇನಾಗಿದೆ? ನೀನೇ ಕೆಡುವುದಿಲ್ಲವೆಂದೆಯಲ್ಲ,” ಎಂದರು. ಬಿರಡೆ ಕಿತ್ತು ಅಂಗೈಗೆ ಬಗ್ಗಿಸಿದರೆ ಏನೂ ಉದುರಲಿಲ್ಲ. ಮಲೆನಾಡಿನ ಎಷ್ಟು ಮಳೆಗಾಲಗಳ ತೇವವನ್ನು ಕುಡಿದಿತ್ತೋ, ಮದ್ದು ಹೆಂಟೆಗಟ್ಟಿತ್ತು. ತೇವ ಕುಡಿದ ಮದ್ದಿನಲ್ಲಿ ಪೆಟ್ಲುಪ್ಪು ಕರಗಿ ಬೇರೆಯಾಗುತ್ತದೆ; ಒಣಗಿಸಿದರೂ ಮೊದಲಿನ ಹದ ಬಾರದು. ಚಿಕ್ಕಪ್ಪ ಬಹಳ ಹೊತ್ತು ಆ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಆಮೇಲೆ ತಾವೇ ಎದ್ದು ಕೊಳಗದ ತುಂಬ ನೀರು ತಂದು ಅದರಲ್ಲಿ ಮುಳುಗಿಸಿದರು. ಸಂಜೆಯ ವೇಳೆಗೆ ಉಪ್ಪೆಲ್ಲ ಕರಗಿ, ತಳದಲ್ಲಿ ಇದ್ದಿಲು ಗಂಧಕಗಳ ಕಪ್ಪು ಗಸಿ ಉಳಿಯಿತು.

“ಈ ಉಪ್ಪು ಗೊಬ್ಬರವೂ ಹೌದಲ್ಲವೇನೋ?” ಎಂದು ಕೇಳಿ, ನೀರನ್ನು ಹಿತ್ತಿಲ ಬಾಳೆಯ ಬುಡಕ್ಕೆ ಹೊಯ್ದರು. ಕೊಂಬನ್ನು ತೊಳೆದು, ಒರೆಸಿ, ಪಡಸಾಲೆಯ ಗೂಟಕ್ಕೆ ತೂಗುಹಾಕಿದರು.

ಹಂದಿಗಳು ಆ ರಾತ್ರಿಯೂ ಬಂದವು.