ಬೃಹನ್ನಳೆ ಯಾರೆಂದು ಮುಂದೆ ಕೂತವರಿಗೆ ಗೊತ್ತು

ನಂದಗುಡಿ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕವೆಂದರೆ ಬಾಡಿಗೆಯ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಬೆಳಗಿನವರೆಗೆ ಕಂದಪದ್ಯ. ಕಥೆ ವಿರಾಟಪರ್ವದ್ದಾದರೆ, ಹೆಂಗಸರ ಮುಂದೆ ಕೊಚ್ಚಿಕೊಂಡ ಉತ್ತರಕುಮಾರ ಕೌರವ ಸೇನೆ ಕಂಡೊಡನೆ ರಥ ಬಿಟ್ಟು ಓಡುತ್ತಾನೆ. ಸಾರಥಿ ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಎಳೆದು ತರುತ್ತಾಳೆ. ಅವಳು ಅರ್ಜುನನೆಂದು ಉತ್ತರನಿಗೆ ತಿಳಿಯದು, ಚಾಪೆಯ ಮೇಲೆ ಕೂತ ಹುಡುಗರಿಗೂ ಗೊತ್ತು. ನಗು ಹುಟ್ಟುವುದು ಅಲ್ಲಿ.

ಷೇಕ್ಸ್‌ಪಿಯರನ ಪ್ರಹಸನಗಳಲ್ಲೂ ಇದೇ ಲೆಕ್ಕ. ವೇಷ ಕಥೆಯೊಳಗಿನವರನ್ನು ಪೂರ್ತಿ ಏಮಾರಿಸಬೇಕು, ನೋಡುವವರನ್ನು ಏಮಾರಿಸಲೇಬಾರದು. 'ಟ್ವೆಲ್ಫ್ತ್ ನೈಟ್'ನಲ್ಲಿ ಹಡಗೊಡೆದು ದಡ ಸೇರಿದ ವಯೋಲಾ ಗಂಡುವೇಷ ಹಾಕುವುದನ್ನು ಮೊದಲೇ ಹೇಳಿಬಿಡುತ್ತಾಳೆ. ಸತ್ತನೆಂದುಕೊಂಡ ಅವಳ ಅವಳಿ ಅಣ್ಣ ಬದುಕಿರುವುದೂ ನಮಗೆ ಬೇಗನೆ ತಿಳಿಯುತ್ತದೆ. ಗುಟ್ಟು ಮುಚ್ಚಿಟ್ಟರೆ ಅದು ಪತ್ತೇದಾರಿ ಕಥೆ, ನಗು ಬರುವುದಿಲ್ಲ.

ಇನ್ನೊಂದು ಮಡಿಕೆಯಿದೆ. ಆಗಿನ ಇಂಗ್ಲೆಂಡಿನ ವೃತ್ತಿ ರಂಗಭೂಮಿಯಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದವರು ಹುಡುಗರು. ಅಂದರೆ ಹುಡುಗನೊಬ್ಬ ಹೆಣ್ಣಾಗಿ, ಆ ಹೆಣ್ಣಾಗಿಯೇ ಮತ್ತೆ ಹುಡುಗನಾಗಿ ನಿಲ್ಲುತ್ತಿದ್ದ. 'ಆಸ್ ಯು ಲೈಕ್ ಇಟ್'ನ ರೊಸಾಲಿಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡುವೇಷದಲ್ಲೇ ರೊಸಾಲಿಂಡಳಂತೆ ನಟಿಸುತ್ತಾಳೆ. ನಮ್ಮವರಿಗೆ ಇದು ವಿಚಿತ್ರವಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯ ನಾಯಕಿಯೂ ಗಂಡುವೇಷ ತೊಡುವವಳೇ. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದ ರಂಗದಲ್ಲಿ ಅಂಥ ಪಾತ್ರಕ್ಕೂ ಅದೇ ಮೂರು ಮಡಿಕೆ.

ವೇಷವೇ ಇಲ್ಲದೆ ಗೊಂದಲ ಎಬ್ಬಿಸುವುದು 'ಕಾಮಿಡಿ ಆಫ್ ಎರರ್ಸ್'. ರೋಮಿನ ಪ್ಲಾಟಸ್ ಬರೆದ ಅವಳಿ ಅಣ್ಣತಮ್ಮಂದಿರ ಕಥೆಗೆ ಷೇಕ್ಸ್‌ಪಿಯರ್ ಅವಳಿ ಆಳುಗಳನ್ನೂ ಸೇರಿಸಿದ. ನನಗೆ ಜಾಣತನವಾಗಿ ಕಾಣುವುದು ಆ ಹೋಲಿಕೆಗಿಂತ ವಸ್ತುಗಳ ಓಡಾಟ. ಅಕ್ಕಸಾಲಿಗ ಚಿನ್ನದ ಸರವನ್ನು ಒಬ್ಬನಿಗೆ ಕೊಟ್ಟು ಹಣ ಕೇಳುವುದು ಇನ್ನೊಬ್ಬನನ್ನು. ಜಾಮೀನಿನ ದುಡ್ಡು ತರುತ್ತಾನೆಂದು ಒಡೆಯ ಕಾದಿದ್ದರೆ, ಬಂದ ಆಳಿನ ಕೈಯಲ್ಲಿ ಹಗ್ಗ! ಮಾತಿನ ತಪ್ಪಾದರೆ ಎರಡು ಮಾತಿನಲ್ಲಿ ಬಗೆಹರಿದೀತು. ಕತ್ತಿನಲ್ಲಿ ಸರವಿದ್ದ ಮೇಲೆ 'ನಾನು ತೆಗೆದುಕೊಂಡಿಲ್ಲ' ಎಂದರೆ ಯಾರು ನಂಬುತ್ತಾರೆ? ಮೇಲೆ ಗಡುವು ಬೇರೆ: ದಂಡ ಕಟ್ಟದಿದ್ದರೆ ಸಂಜೆಗೆ ಅವಳಿಗಳ ಮುದುಕ ತಂದೆಯ ತಲೆ ಹೋಗುತ್ತದೆ. ನಿಂತು ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ.

ಈ ನಾಟಕ ಕನ್ನಡಕ್ಕೆ ಹತ್ತೊಂಬತ್ತನೇ ಶತಮಾನದಲ್ಲೇ ಬಂತು. ಧಾರವಾಡದ ಚನ್ನಬಸಪ್ಪನವರು 'ನಗದವರನ್ನು ನಗಿಸುವ ಕಥೆ' ಮಾಡಿದರು, ಬಿ. ವೆಂಕಟಾಚಾರ್ಯರು ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿಯಿಂದ 'ಭ್ರಾಂತಿವಿಲಾಸ' ತಂದರು. 1997ರಲ್ಲಿ ಇದೇ ಕಥೆಯ ಮೇಲೆ ಎನ್.ಎಸ್. ಶಂಕರ್ ಅವರ 'ಉಲ್ಟಾ ಪಲ್ಟಾ' ಸಿನಿಮಾ ಬಂತು. ರಮೇಶ್ ಅರವಿಂದ್ ಅವರದ್ದು ಅದರಲ್ಲಿ ದ್ವಿಪಾತ್ರ.

ಕ್ಯಾಮೆರಾಕ್ಕೆ ಒಬ್ಬನೇ ನಟ ಸಾಕು. ಊರ ರಂಗದಲ್ಲಿ ಆಡುವವರು ಇಬ್ಬರನ್ನು ಹುಡುಕಬೇಕು, ಮುಖ ಹೋಲಬೇಕಿಲ್ಲ. ಒಂದೇ ಬಣ್ಣದ ಅಂಗಿ, ಒಂದೇ ಥರದ ಪೇಟ ಕೊಟ್ಟು, ಒಬ್ಬನ ಹೆಗಲಿಗೆ ಮಾತ್ರ ಬೇರೆ ಬಣ್ಣದ ವಲ್ಲಿ ಹಾಕಿದರೆ ಆಯಿತು. ಅದರಿಂದ ಯಾರು ಯಾರೆಂದು ಕೂತವರಿಗೆ ತಿಳಿಯುತ್ತದೆ; ರಂಗದ ಮೇಲಿನವರು ಮಾತ್ರ ಆ ವಲ್ಲಿಯನ್ನು ಕಾಣಕೂಡದು. ಅವಳಿಗಳನ್ನು ಕಡೆಯ ದೃಶ್ಯದವರೆಗೆ ಎದುರುಬದುರು ತರಬೇಡಿ: ಒಬ್ಬ ಎಡಗಡೆ ಹೋದಮೇಲೆ ಇನ್ನೊಬ್ಬ ಬಲಗಡೆಯಿಂದ ಬರಲಿ, ನಡುವೆ ಒಂದು ಉಸಿರಿನಷ್ಟು ರಂಗ ಖಾಲಿ ಇರಲಿ.