ಕಾಲಡಿಯ ಹಿಮವನ್ನು ನಂಬುವುದೆಂತು?

ಬೀದರ, ಭಾಲ್ಕಿ, ಔರಾದಗಳ ಜನರಿಗೆ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಆಲಿಕಲ್ಲು. ಬೇಸಗೆಯ ಹೊಸ್ತಿಲಲ್ಲಿ ಎಂದಾದರೊಮ್ಮೆ ಸುರಿದು, ಅಂಗಳವನ್ನು ಗಳಿಗೆಹೊತ್ತು ಬೆಳ್ಳಗಾಗಿಸಿ, ಮಾವಿನ ಹೀಚನ್ನೂ ಜೋಳದ ತೆನೆಯನ್ನೂ ಕೆಡಹಿ ಅದು ಕರಗಿಹೋಗುತ್ತದೆ. ಹಿಮಾಲಯದ ಹಿಮ ಹಾಗಲ್ಲ; ತಿಂಗಳುಗಟ್ಟಲೆ ಪದರದ ಮೇಲೆ ಪದರವಾಗಿ ಕೂಡುತ್ತದೆ. ಬಯಲುಸೀಮೆಯ ತರುಣರೂ ಈಗ ಚಾರಣಕ್ಕೆಂದು ಅತ್ತ ಹೊರಡುತ್ತಿರುವುದರಿಂದ, ಅದರ ಸ್ವಭಾವವನ್ನು ಹೋಗುವವರೂ ಕಳುಹಿಸುವವರೂ ತಿಳಿದಿರುವುದು ಲೇಸು.

ರಾಶಿಯೂ ಹಲಗೆಯೂ

ಭಾಲ್ಕಿಯ ರೈತನು ಕಣದಲ್ಲಿ ತೊಗರಿಯ ರಾಶಿ ಹಾಕುವುದನ್ನು ನೋಡಿದವರುಂಟಷ್ಟೆ. ರಾಶಿ ಒಂದು ಕಡಿದಾದ ಇಳಿಜಾರಿನವರೆಗೆ ಏರುತ್ತದೆ. ಅನಂತರ ಇನ್ನೊಂದು ಹಿಡಿ ಸುರಿದರೂ ಕಾಳು ಜಾರತೊಡಗುತ್ತದೆ. ಹೊಸದಾಗಿ ಬಿದ್ದ ಸಡಿಲ ಹಿಮ ಜಾರುವ ರೀತಿಯೂ ಇದೇ.

ಇದಕ್ಕಿಂತ ಘೋರವಾದುದು ಹಲಗೆಯಂತೆ ಕಳಚುವ ಹಿಮ. ಬೀದರದ ನೌಬಾದಿನ ಸುರಂಗಬಾವಿಯ ಗುಟ್ಟನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಮೇಲಿನ ಕೆಂಪು ಮುರಕಲ್ಲು ಮಳೆನೀರನ್ನು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ಒಳಗೆ ಬಿಡುವುದಿಲ್ಲ. ನೀರು ಎರಡರ ಸಂಧಿಯಲ್ಲಿ ಹರಿಯುತ್ತದೆ. ಪರ್ವತದ ಹಿಮದಲ್ಲಿಯೂ ಇಂಥ ಸಂಧಿಗಳಿವೆ. ಗಾಳಿ ಒತ್ತಿ ಗಟ್ಟಿಮಾಡಿದ ಹಲಗೆ ಮೇಲೆ. ಸಕ್ಕರೆಯಂತೆ ಒಂದಕ್ಕೊಂದು ಅಂಟದ ಹರಳುಗಳು ಕೆಳಗೆ. ಬಿಸಿಲಿಗೆ ಕರಗಿದ ನೀರು ಇಳಿದರೆ ಹಿಡಿತ ಮತ್ತಷ್ಟು ಸಡಿಲ. ಆಗ ಒಬ್ಬ ಮನುಷ್ಯನ ಭಾರವೇ ಸಾಕು, ಇಡೀ ಇಳಿಜಾರು ಕಳಚುತ್ತದೆ. ಚಾರಣಿಗರು ಸಿಲುಕಿದ ಹಿಮಕುಸಿತಗಳಲ್ಲಿ ಬಹುಪಾಲು, ಅವರದೇ ಅಥವಾ ಜೊತೆಗಾರರದೇ ಹೆಜ್ಜೆಯಿಂದ ಆರಂಭವಾದವು.

ಕನ್ನಡನಾಡು ಕಾದ ಆರು ದಿನ

ಹಿಮಕುಸಿತವೆಂಬ ಮಾತು ಕನ್ನಡಿಗರ ಮನೆಮನೆಯನ್ನು ಹೊಕ್ಕಿದ್ದು 2016ರ ಫೆಬ್ರವರಿಯಲ್ಲಿ. ಬೀದರ ನಗರವಿರುವುದು ಸುಮಾರು 2,200 ಅಡಿ ಎತ್ತರದಲ್ಲಿ. ಸಿಯಾಚಿನ್‌ನ ಸೋನಮ್ ಠಾಣೆ ಅದರ ಒಂಬತ್ತರಷ್ಟು, ಅಂದರೆ 19,000 ಅಡಿಗೂ ಮಿಗಿಲು. ಫೆಬ್ರವರಿ 3ರಂದು ಅಲ್ಲಿ ಮಂಜುಗಡ್ಡೆಯ ಭಾರಿ ಗೋಡೆ ಕಳಚಿ, ಮದ್ರಾಸ್ ರೆಜಿಮೆಂಟಿನ ತುಕಡಿಯ ಹತ್ತು ಯೋಧರನ್ನು ಹೂಳಿತು. ಮೂವರು ಕರ್ನಾಟಕದವರು, ಹಾಸನ, ಮೈಸೂರು, ಧಾರವಾಡ ಜಿಲ್ಲೆಗಳ ಮಕ್ಕಳು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರನೆಯ ದಿನ, ಸುಮಾರು 25 ಅಡಿ ಹಿಮದಡಿಯಲ್ಲಿ ಜೀವಂತವಾಗಿ ದೊರೆತರು. ನಾಡೆಲ್ಲ ಹರಕೆ ಹೊತ್ತಿತು. ಆದರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿಯೂ ಮರಳಲಿಲ್ಲ.

ಆ ಅದ್ಭುತವನ್ನು ನೆಚ್ಚಿ ಯಾರೂ ಪರ್ವತಕ್ಕೆ ಹೋಗಲಾಗದು. ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಬದುಕುವವರು ಮೂರರಲ್ಲೊಬ್ಬರು. ಆದುದರಿಂದ ರಕ್ಷಿಸಬೇಕಾದವರು ಜೊತೆಗಾರರೇ. ಸಂಕೇತ ಕಳುಹಿಸುವ ಪುಟ್ಟ ರೇಡಿಯೋ ಯಂತ್ರ, ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಅಗೆಯುವ ಸಲಿಕೆ ಇವು ಪ್ರತಿಯೊಬ್ಬರ ಬಳಿಯೂ ಇರಬೇಕು.

ಹಿಮ ಕೊಡುವ ಎಚ್ಚರಿಕೆ

ಅಪಾಯ ಹೆಚ್ಚಾಗಿರುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಭಾರಿ ಹಿಮ ಬಿದ್ದ ಮರುದಿನ, ಜೋರು ಗಾಳಿಯ ತರುವಾಯ, ಹಠಾತ್ತನೆ ಬಿಸಿಲೇರಿದಾಗ ಅಲ್ಲಿ ಕಾಲಿಡಲಾಗದು. ಹೆಜ್ಜೆಯಿಟ್ಟೊಡನೆ ನೆಲ ‘ಧಪ್’ ಎಂದು ಕುಸಿದ ಸದ್ದು, ಕಾಲ ಬಳಿಯಿಂದ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ ಇವು ಹಿಮವೇ ಹೇಳುವ ‘ಬೇಡ’. ತರಬೇತಿಯೊಂದೇ ಕವಚವಾಗದೆಂಬುದಕ್ಕೂ ಸಾಕ್ಷಿಯಿದೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಪರ್ವತಾರೋಹಣ ಕಲಿಯುತ್ತಿದ್ದವರೂ ಕಲಿಸುತ್ತಿದ್ದವರೂ ಹಿಮಕುಸಿತಕ್ಕೆ ಬಲಿಯಾದರು. ದೊರೆತ ಶವಗಳು 27. ಮಡಿದವರಲ್ಲಿ ಕನ್ನಡಿಗರೂ ಇದ್ದರು.

ಸೈನಿಕನಿಗೆ ಠಾಣೆ ಬಿಟ್ಟು ಹಿಂದಿರುಗುವ ಆಯ್ಕೆಯಿಲ್ಲ, ಚಾರಣಿಗನಿಗೆ ಇದೆ. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಬೀದರದ ನಿಲ್ದಾಣದಲ್ಲಿ ಮಗನನ್ನು ರೈಲು ಹತ್ತಿಸುವ ತಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನೊಡನೆ ಒಂದು ಮಾತನ್ನೂ ಕಟ್ಟಿಕೊಡಲಿ: “ತಮ್ಮಾ, ದಾರಿ ಸರಿಯಿಲ್ಲಂದ್ರ ಹೊಳ್ಳಿ ಬಾ.”