ಇಷ್ಟವೋ, ಕುರುಡು ಅಭಿಮಾನವೋ?

2020ರ ಅಕ್ಟೋಬರ್. ಐಫೋನ್ 12ರ ಬಾಕ್ಸ್‌ನಿಂದ ಆ್ಯಪಲ್ ಚಾರ್ಜರ್ ತೆಗೆದುಹಾಕ್ತು. ನಮ್ಮ ಫೋನ್ ಜೊತೆ ಚಾರ್ಜರ್ ಇದೆ ಅಂತ ಸ್ಯಾಮ್‌ಸಂಗ್ ಫೇಸ್‌ಬುಕ್‌ನಲ್ಲಿ ಕಾಲೆಳೀತು. 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್21 ಬಂತು. ಅದರ ಬಾಕ್ಸ್‌ನಲ್ಲೂ ಚಾರ್ಜರ್ ಇಲ್ಲ!

ಈಗ ನಿಮ್ಮನ್ನೇ ಕೇಳ್ಕೊಳ್ಳಿ. ಬೇರೆ ಕಂಪನಿ ಮಾಡಿದಾಗ ಬೈದಿದ್ದನ್ನ, ನಿಮ್ಮ ಮೆಚ್ಚಿನ ಕಂಪನಿ ಮಾಡಿದಾಗ ಸಮರ್ಥಿಸಿದ್ರಾ? ಹಾಗಾದ್ರೆ ಅದು ಕುರುಡು ಅಭಿಮಾನ.

ನಿಜವಾದ ಇಷ್ಟಕ್ಕೆ ಕಾರಣ ಇರುತ್ತೆ. ಕ್ಯಾಮೆರಾ ಚೆನ್ನಾಗಿದೆ, ವರ್ಷಗಟ್ಟಲೆ ಅಪ್‌ಡೇಟ್ ಬರುತ್ತೆ, ಸರ್ವಿಸ್ ಸೆಂಟರ್ ಊರಲ್ಲೇ ಇದೆ. ಆ ಕಾರಣ ಹೋದ್ರೆ ಇಷ್ಟಾನೂ ಬದಲಾಗುತ್ತೆ. ಫೋಟೊ, ಚಾಟ್ ಎಲ್ಲ ಹೊಸ ಫೋನ್‌ಗೆ ಸಾಗಿಸೋ ತಾಪತ್ರಯಕ್ಕೆ ಹೆದರಿ ಹಳೇ ಕಂಪನಿಯ ಫೋನನ್ನೇ ಬಳಸೋದು ಇಷ್ಟ ಅಲ್ಲ, ಅನಿವಾರ್ಯ.

ಮುಂದಿನ ಸಲ ಲೋಗೊ ಮರೆತು ಬೆಲೆ, ಬ್ಯಾಟರಿ, ಅಪ್‌ಡೇಟ್ ಹೋಲಿಸಿ. ದುಡ್ಡು ನಿಮ್ಮದು. ಕಂಪನಿಯ ಮಾನ ಕಾಯೋ ಹೊಣೆ ನಿಮ್ಮದಲ್ಲ.